ನಮ್ಮ ಕಂಬಸ್ಟರ್‌ಗೆ ಡ್ಯಾಂಪರ್ ಕೂರಿಸಿದ ಕಥೆ

ಗ್ಯಾಸ್ ಟರ್ಬೈನ್‌ನ ಕಂಬಸ್ಟರ್‌ಗೆ (ಇಂಧನ ಉರಿಯುವ ಕೋಣೆಗೆ) ಅಕೌಸ್ಟಿಕ್ ಡ್ಯಾಂಪರ್, ಅಂದರೆ ಸದ್ದು ಹೀರುವ ಸಾಧನ, ಕೂರಿಸುವ ಕೆಲಸ ನಿಮ್ಮ ತಲೆಗೆ ಬಂದಿದ್ದರೆ ಈ ಬರಹ ನಿಮಗಾಗಿ. ನಮ್ಮ ಟೆಸ್ಟ್ ರಿಗ್‌ನಲ್ಲಿ ಆ ಕೆಲಸ ಈಗಷ್ಟೇ ಮುಗಿದಿದೆ. ಕೊನೆಯ ವರದಿಗೆ ಸಹಿಯೂ ಬಿದ್ದಿದೆ. ಸೂತ್ರಗಳು ಪಠ್ಯಪುಸ್ತಕದಲ್ಲಿ ಸಿಗುತ್ತವೆ. ಆದರೆ ಸೂತ್ರ ಹಾಕಿ ಸರಿಯಾಗಿ ಮಾಡಿಸಿದ ಡ್ಯಾಂಪರ್, ಬಿಸಿ ರಿಗ್‌ಗೆ ಹೋದ ಮೇಲೆ ಯಾಕೆ ಬೇರೆಯೇ ಥರ ನಡೆದುಕೊಳ್ಳುತ್ತದೆ ಅನ್ನುವುದು ಅಷ್ಟು ಸುಲಭಕ್ಕೆ ಸಿಗಲಿಲ್ಲ. ನಮ್ಮ ಸಮಯವನ್ನು ತಿಂದಿದ್ದು ಅದೇ. ಅದಕ್ಕೆ ಉತ್ತರ ಬಹುಪಾಲು ಒಂದೇ ಕಡೆ ಇತ್ತು: ಡ್ಯಾಂಪರ್‌ನ ಕತ್ತಿನೊಳಗೆ, ಅಂದರೆ ಅದರ ಕಿರಿದಾದ ಬಾಯಿಕೊಳವೆಯೊಳಗೆ ಇದ್ದ ಸುಮಾರು 16 ಘನ ಸೆಂಟಿಮೀಟರ್ ಗಾಳಿಯ ತಾಪದಲ್ಲಿ.

ನಮ್ಮದು ಒಂಟಿ ಬರ್ನರ್‌ನ ರಿಗ್. ಗಾಳಿಯನ್ನು ಹೀಟರ್‌ನಲ್ಲಿ ಸುಮಾರು 700 ಕೆಲ್ವಿನ್‌ಗೆ, ಅಂದರೆ 427 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಒಳಗೆ ಬಿಡುತ್ತೇವೆ. ನೈಸರ್ಗಿಕ ಅನಿಲ ಬರ್ನರ್‌ನಲ್ಲೇ ಅದರ ಜೊತೆ ಬೆರೆತು, ಆಮೇಲೆ ಉರಿಯುತ್ತದೆ. ಹೊಸ ಬರ್ನರ್ ಹಾಕಿ ಇಂಧನ ಏರಿಸುತ್ತಾ ಹೋದಾಗ, ಸ್ಪೆಕ್ಟ್ರಮ್‌ನಲ್ಲಿ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವ ನಕ್ಷೆಯಲ್ಲಿ) 150 ಹರ್ಟ್ಸ್ ಹತ್ತಿರ ಸಣ್ಣ ಉಬ್ಬು ಕಾಣಿಸಿತು. ಇನ್ನೊಂದು ಚೂರು ಏರಿಸಿದ್ದೇ ತಡ, ಉಬ್ಬು ಸೂಜಿಯ ಹಾಗೆ ಎದ್ದು ನಿಂತಿತು. ಕಂಟ್ರೋಲ್ ರೂಮಿನ ಗಾಜು ನಡುಗತೊಡಗಿತು. ಕಿವಿಗಿಂತ ಎದೆಗೇ ಜಾಸ್ತಿ ತಾಗುವ ಸದ್ದು ಅದು.

"ಮೇಡಂ, ಇನ್ನು ಏರಿಸೋದು ಬೇಡ, ಟ್ರಿಪ್ ಲಿಮಿಟ್ ಹತ್ರ ಬಂತು" ಎಂದರು ರಿಗ್ ಆಪರೇಟರ್. ಟ್ರಿಪ್ ಲಿಮಿಟ್ ಅಂದರೆ ರಿಗ್ ತಾನಾಗಿಯೇ ನಿಂತುಬಿಡುವ ಮಿತಿ.

"ಬೇಡ ಸರ್, ಇಳಿಸಿಬಿಡಿ" ಎಂದೆ.

ಇಳಿಸಿದರು. ಸದ್ದು ಶುರುವಾದ ಜಾಗಕ್ಕೇ ವಾಪಸ್ ಬಂದರೂ ಅದು ನಿಲ್ಲಲಿಲ್ಲ. ಇನ್ನೂ ಸಾಕಷ್ಟು ಕೆಳಗೆ ಇಳಿದ ಮೇಲೆಯೇ ತಣ್ಣಗಾಯಿತು. ಇದನ್ನು ನೀವು ಮೊದಲ ದಿನವೇ ಬರೆದಿಟ್ಟುಕೊಳ್ಳಿ: ಏರುವಾಗ ಸದ್ದು ಎಲ್ಲಿ ಶುರುವಾಯಿತು, ಇಳಿಯುವಾಗ ಎಲ್ಲಿ ನಿಂತಿತು. ಎರಡರ ನಡುವಿನ ಅಂತರ ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ.

ಬರೀ ಸದ್ದು ಅಲ್ವಾ, ಕಿವಿಗೆ ಮಫ್ ಹಾಕಿಕೊಂಡರಾಯಿತು ಅಂತ ಹೊರಗಿನವರು ಕೇಳಿದ್ದುಂಟು. ಆದರೆ ಅಲ್ಲಿ ಅಲ್ಲಾಡುತ್ತಿರುವುದು ಒತ್ತಡ. ಸೆಕೆಂಡಿಗೆ 150 ಸಲ ಅಂದರೆ ಗಂಟೆಗೆ ಐದು ಲಕ್ಷಕ್ಕೂ ಹೆಚ್ಚು ಸಲ ಲೈನರ್‌ನ, ಅಂದರೆ ಕಂಬಸ್ಟರ್‌ನ ಒಳಗೋಡೆಯ, ತೆಳು ತಗಡು ಬಾಗಿ ನೇರವಾಗುತ್ತದೆ. ಬಿರುಕು ಬಿಡುತ್ತದೆ. ಸೀಲುಗಳು ಉಜ್ಜಿ ಸವೆಯುತ್ತವೆ. ಕಿತ್ತುಬಂದ ಒಂದು ಚೂರು ಟರ್ಬೈನ್ ಬ್ಲೇಡಿಗೆ ಹೋಗಿ ಬಡಿದರೆ ಯಂತ್ರವೇ ಹೋಯಿತು. ಜ್ವಾಲೆ ಹಿಂದಕ್ಕೆ ಬರ್ನರ್‌ನೊಳಗೆ ನುಗ್ಗಬಹುದು, ಇಲ್ಲವೇ ಆರಿಯೇ ಹೋಗಬಹುದು. ಆ ಸದ್ದು ಕೇಳಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಏನೋ ಸಂಕಟ. ಅದು ಕೊನೆಯವರೆಗೂ ಅಭ್ಯಾಸವಾಗಲಿಲ್ಲ.

ಕಾರಣ ಹಳೆಯದೇ. ಕೊಳವೆಯೊಳಗಿನ ಜ್ವಾಲೆ ಹಾಡುತ್ತದೆ ಅನ್ನುವುದನ್ನು ಹಿಗಿನ್ಸ್ 1777ರಲ್ಲೇ ಗಮನಿಸಿದ್ದರು. ನೆಟ್ಟಗೆ ನಿಂತ ಕೊಳವೆಯಲ್ಲಿ ಬಿಸಿ ಜಾಲರಿಯಿಟ್ಟು 1859ರಲ್ಲಿ ರೈಕೆ ಸದ್ದು ಬರಿಸಿದರು. ಯಾಕೆ ಅನ್ನುವುದನ್ನು ಲಾರ್ಡ್ ರೇಲಿ 1878ರಲ್ಲಿ ಹೇಳಿದರು: ಒತ್ತಡ ಏರಿದ ಹೊತ್ತಿಗೇ ಶಾಖವೂ ಹೆಚ್ಚು ಬಿಡುಗಡೆಯಾದರೆ ಸದ್ದು ಬೆಳೆಯುತ್ತದೆ, ಒತ್ತಡ ಇಳಿದ ಹೊತ್ತಿಗೆ ಶಾಖ ಬಂದರೆ ಸದ್ದು ಕುಗ್ಗುತ್ತದೆ. ಹಾಗೆ ಬಂದು ಸೇರುವ ಶಕ್ತಿ, ಕಳೆದುಹೋಗುವ ಶಕ್ತಿಗಿಂತ ಜಾಸ್ತಿಯಾದರೆ ಕಂಬಸ್ಟರ್ ಹಮ್ ಮಾಡತೊಡಗುತ್ತದೆ. 1960ರ ದಶಕದಲ್ಲಿ ಚಂದ್ರನಲ್ಲಿಗೆ ಹೋದ ಅಮೆರಿಕದ ಅಪೋಲೊ ಯಾನಗಳ ಸ್ಯಾಟರ್ನ್-5 ರಾಕೆಟ್ಟಿನ ಎಫ್-1 ಎಂಜಿನ್‌ಗೂ ಇದೇ ಕಾಟವಿತ್ತು. ಅಲ್ಲಿ ಇಂಜೆಕ್ಟರ್ ಮುಖಕ್ಕೆ ಅಡ್ಡಗೋಡೆಗಳನ್ನು ಹಾಕಿ, ಉರಿಯುತ್ತಿರುವಾಗಲೇ ಒಳಗೆ ಪುಟ್ಟ ಬಾಂಬು ಸಿಡಿಸಿ, ಅಲುಗಾಟ ಎಷ್ಟು ಬೇಗ ಅಡಗುತ್ತದೆ ಅಂತ ನೋಡಿದ್ದರು.

ಗ್ಯಾಸ್ ಟರ್ಬೈನ್‌ಗಳಲ್ಲಿ ಇದು ಜೋರಾಗಿದ್ದು ನಾಕ್ಸ್ (ನೈಟ್ರೋಜನ್‌ನ ಆಕ್ಸೈಡ್‌ಗಳ ಮಾಲಿನ್ಯ) ಕಡಿಮೆ ಮಾಡಲು ಹೊರಟ ಮೇಲೆ. ಜ್ವಾಲೆಯ ತಾಪ ಸುಮಾರು 1800 ಕೆಲ್ವಿನ್ ದಾಟಿತು ಅಂದರೆ ನಾಕ್ಸ್ ಕಡಿದಾಗಿ ಏರುತ್ತದೆ. ಅದಕ್ಕೇ ಗಾಳಿ ಜಾಸ್ತಿ, ಇಂಧನ ಕಡಿಮೆ, ಮೊದಲೇ ಬೆರೆಸಿ ಉರಿಸುವ ಪದ್ಧತಿ ಬಂತು. ಹಾಗೆ ಉರಿಸಲು ಹೆಚ್ಚುಕಡಿಮೆ ಎಲ್ಲ ಗಾಳಿಯೂ ಬರ್ನರ್ ಮೂಲಕವೇ ಹೋಗಬೇಕು. ಹಳೆಯ ಕಂಬಸ್ಟರ್‌ಗಳ ಗೋಡೆ ತುಂಬಾ ತಂಪು ಗಾಳಿಗೆಂದು ತೂತುಗಳಿದ್ದವು. ಅವು ಸದ್ದನ್ನೂ ಹೀರುತ್ತಿದ್ದವು. ತೂತು ಮುಚ್ಚಿದೆವು, ಸದ್ದು ಹೀರುವವರೇ ಇಲ್ಲವಾದರು. ಡ್ಯಾಂಪರ್ ಅಂದರೆ ಆ ಕೆಲಸವನ್ನು ಬೇಕಾದ ಫ್ರೀಕ್ವೆನ್ಸಿಗೆ ಮಾತ್ರ, ಕಡಿಮೆ ಗಾಳಿಯಲ್ಲಿ ವಾಪಸ್ ತರುವ ಸಾಧನ.

ಡ್ಯಾಂಪರ್‌ನ ಯೋಚನೆಗೆ ಮುಂಚೆ, ಸದ್ದು ಎಲ್ಲಿ ಜೋರು, ಜ್ವಾಲೆ ಅದಕ್ಕೆ ಎಷ್ಟರಮಟ್ಟಿಗೆ ಹೆಗಲು ಕೊಡುತ್ತಿದೆ ಅಂತ ಅಳೆಯಬೇಕಿತ್ತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಹೊಸಬರು ಹೆಚ್ಚು ದಾರಿ ತಪ್ಪುವುದು ಇಲ್ಲೇ.

ಪ್ರೆಶರ್ ಸೆನ್ಸರ್ ಅನ್ನು ಜ್ವಾಲೆಯ ಪಕ್ಕದಲ್ಲೇ ಕೂರಿಸಲು ಆಗುವುದಿಲ್ಲ, ಬೆಂದುಹೋಗುತ್ತದೆ. ಹಾಗಾಗಿ ಗೋಡೆಯಿಂದ ಒಂದು ಸಣ್ಣ ಕೊಳವೆ ಹೊರಗೆ ತಂದು ಅದರ ಮೈಗೆ ಸೆನ್ಸರ್ ಕೂರಿಸುತ್ತಾರೆ. ಕೊಳವೆ ಅಲ್ಲಿಗೇ ಮುಗಿದರೆ ಅಲೆ ತುದಿಗೆ ಬಡಿದು ವಾಪಸ್ ಬರುತ್ತದೆ. ಅದಕ್ಕೆ ಸೆನ್ಸರ್ ಆಚೆಗೂ ಉದ್ದನೆಯ ಸುರುಳಿ ಬಿಟ್ಟು ಅಲೆ ಅದರಲ್ಲೇ ಸತ್ತುಹೋಗುವ ಹಾಗೆ ಮಾಡುತ್ತಾರೆ. ಉರಿದ ಅನಿಲದ ಆವಿ ಕೊಳವೆಯಲ್ಲಿ ನೀರಾಗಿ ಕೂರದಂತೆ ಒಣ ನೈಟ್ರೋಜನ್ ಸಣ್ಣಗೆ ಬಿಡಬೇಕು. ಇಷ್ಟೆಲ್ಲ ಸರಿ. ಆದರೆ ನಮ್ಮ ರಿಗ್‌ನಲ್ಲಿ ಗೋಡೆಯಿಂದ ಸೆನ್ಸರ್‌ವರೆಗೆ 1 ಮೀಟರ್ ಇತ್ತು. ಕೊಳವೆಯೊಳಗೆ ಸದ್ದಿನ ವೇಗ ಸೆಕೆಂಡಿಗೆ 400 ಮೀಟರ್ ಅಂತಿಟ್ಟುಕೊಂಡರೆ ಅಷ್ಟು ದೂರಕ್ಕೆ 2.5 ಮಿಲಿಸೆಕೆಂಡ್. 150 ಹರ್ಟ್ಸ್‌ನ ಒಂದು ಸುತ್ತಿಗೆ 6.67 ಮಿಲಿಸೆಕೆಂಡ್. ಅಂದರೆ ಸೆನ್ಸರ್ ತೋರಿಸುವ ಒತ್ತಡ ಒಳಗಿನದ್ದಕ್ಕಿಂತ 135 ಡಿಗ್ರಿ ಹಿಂದೆ!

ರೇಲಿ ಹೇಳಿದ ಲೆಕ್ಕದಲ್ಲಿ 90 ಡಿಗ್ರಿಯೇ ಗಡಿ. ಒತ್ತಡಕ್ಕೂ ಶಾಖಕ್ಕೂ ನಡುವಿನ ಅಂತರ ಅದರೊಳಗಿದ್ದರೆ ಜ್ವಾಲೆ ಸದ್ದು ಬೆಳೆಸುತ್ತಿದೆ, ಅದನ್ನು ಮೀರಿದರೆ ತಗ್ಗಿಸುತ್ತಿದೆ. 135 ಡಿಗ್ರಿ ಸರಿಪಡಿಸದಿದ್ದರೆ ತೀರ್ಪೇ ತಲೆಕೆಳಗು. ಇನ್ನೊಂದು ತೊಡಕು: ಬೆಳಿಗ್ಗೆ ಕೊಳವೆ ತಣ್ಣಗಿರುತ್ತದೆ, ಹೊತ್ತೇರಿದಂತೆ ರಿಗ್ ಜೊತೆ ಅದೂ ಕಾಯುತ್ತದೆ. ಸದ್ದಿನ ವೇಗ 350ರಿಂದ 400 ಮೀಟರ್‌ಗೆ ಏರಿದರೆ ಸುಮಾರು 20 ಡಿಗ್ರಿ ವ್ಯತ್ಯಾಸ ಬಂದುಬಿಡುತ್ತದೆ. ನಾವು ಕೊಳವೆಯ ಮೈಗೆ ಅಲ್ಲಲ್ಲಿ ತಾಪ ಅಳೆಯುವ ಥರ್ಮೊಕಪಲ್ ಕಟ್ಟಿ, ಪ್ರತಿ ಓದಿಗೂ ಬೇರೆ ಬೇರೆ ತಿದ್ದುಪಡಿ ಹಾಕಿದೆವು. ಬೇಸರದ ಕೆಲಸ. ಆದರೆ ದಯವಿಟ್ಟು ಬಿಡಬೇಡಿ.

ಶಾಖದ ಕಡೆಯಿಂದ ನೋಡಿದರೆ, ಗಾಜಿನ ಕಿಂಡಿಯ ಮೂಲಕ ಜ್ವಾಲೆಯ ಬೆಳಕು ಅಳೆದೆವು. ಉರಿಯುವಾಗ ಹುಟ್ಟುವ ಓಎಚ್ ರ‍್ಯಾಡಿಕಲ್ 308 ನ್ಯಾನೋಮೀಟರ್ ಹತ್ತಿರ ಬೆಳಕು ಕೊಡುತ್ತದೆ. ಅದು ಕಣ್ಣಿಗೆ ಕಾಣದ ಅತಿನೇರಳೆ. ಹಾಗಾಗಿ ಕಿಂಡಿ ಕ್ವಾರ್ಟ್ಜ್ ಆಗಿರಬೇಕು, ಮಾಮೂಲಿ ಗಾಜು ನಡೆಯುವುದಿಲ್ಲ. ಫಿಲ್ಟರ್ ಹಾಕಿದ ಫೋಟೊಮಲ್ಟಿಪ್ಲೈಯರ್ ಆ ಬೆಳಕಿನ ಏರಿಳಿತವನ್ನು ಹಿಡಿಯುತ್ತದೆ. ಇಂಧನ-ಗಾಳಿಯ ಪ್ರಮಾಣ ಸ್ಥಿರವಾಗಿದ್ದರೆ ಈ ಬೆಳಕೇ ಶಾಖದ ಅಳತೆ. ಪ್ರಮಾಣವೇ ಅಲ್ಲಾಡುತ್ತಿದ್ದರೆ ಬೆಳಕನ್ನು ಪೂರ್ತಿ ನಂಬುವ ಹಾಗಿಲ್ಲ, ಅದು ನೆನಪಿರಲಿ. ನಮ್ಮಲ್ಲಿ ತಿದ್ದುಪಡಿ ಹಾಕಿದ ಮೇಲೆ ಒತ್ತಡ, ಬೆಳಕು ಎರಡೂ ಹತ್ತಿರ ಹತ್ತಿರ ಒಟ್ಟಿಗೇ ಏರಿಳಿಯುತ್ತಿದ್ದವು. ಜ್ವಾಲೆಯೇ ಸದ್ದಿಗೆ ಗಾಳಿ ಹಾಕುತ್ತಿದೆ ಅನ್ನುವುದು ಖಾತ್ರಿಯಾಯಿತು.

ಡ್ಯಾಂಪರ್ ಬೇಡದೆಯೇ ಬಗೆಹರಿಯುತ್ತದೆಯೇ ಅಂತಲೂ ನೋಡಿದೆವು. ನೀವೂ ನೋಡಿ, ಸುಮ್ನೆ ಲೋಹ ಕತ್ತರಿಸುವುದು ಬೇಡ. ಮುಖ್ಯ ಜ್ವಾಲೆಯನ್ನು ಆರದಂತೆ ಹಿಡಿದಿಡುವ ಸಣ್ಣ ಪೈಲಟ್ ಜ್ವಾಲೆಗೆ ಹೋಗುವ ಇಂಧನದ ಪಾಲು ಹೆಚ್ಚಿಸಿದರೆ ಸದ್ದು ಇಳಿಯಿತು, ನಾಕ್ಸ್ ಏರಿತು. ಇಂಧನ ಬಿಡುವ ಜಾಗ ಬದಲಿಸುವುದು ಇನ್ನೊಂದು ದಾರಿ. ಇಂಧನ ಸೇರಿದ ಜಾಗದಿಂದ ಜ್ವಾಲೆಗೆ 150 ಮಿಲಿಮೀಟರ್ ಇದ್ದು, ಹರಿವು ಸೆಕೆಂಡಿಗೆ 50 ಮೀಟರ್ ಆದರೆ, ಮಿಶ್ರಣದ ಏರಿಳಿತ 3 ಮಿಲಿಸೆಕೆಂಡ್ ತಡವಾಗಿ ಜ್ವಾಲೆ ಮುಟ್ಟುತ್ತದೆ. ಆ ತಡವನ್ನು ಬದಲಿಸಿದರೆ ಒತ್ತಡ-ಶಾಖದ ಜೋಡಿ ಮುರಿಯುತ್ತದೆ. ಆದರೆ ಅದಕ್ಕೆ ಬರ್ನರ್ ಅನ್ನೇ ಮರುವಿನ್ಯಾಸ ಮಾಡಬೇಕಿತ್ತು. ಇಂಧನವನ್ನೇ ಸದ್ದಿಗೆ ಎದುರಾಗಿ ಮಿಡಿಸುವ ಸಕ್ರಿಯ ನಿಯಂತ್ರಣವೂ ಇದೆ. ಸೀಮೆನ್ಸ್ 1990ರ ದಶಕದಲ್ಲಿ ತನ್ನ ದೊಡ್ಡ ಯಂತ್ರಗಳಲ್ಲಿ ಅದನ್ನು ಮಾಡಿ ತೋರಿಸಿತ್ತು. ಅಷ್ಟು ಚುರುಕಾದ ವಾಲ್ವ್ ನಮ್ಮ ಕೈಯಲ್ಲಿರಲಿಲ್ಲ. ಡ್ಯಾಂಪರ್‌ಗೆ ಬಂದು ನಿಂತೆವು.

ಯಾವ ಡ್ಯಾಂಪರ್? ಒಂದು ತುದಿ ಮುಚ್ಚಿದ ಕ್ವಾರ್ಟರ್-ವೇವ್ ಟ್ಯೂಬ್ ಎಲ್ಲಕ್ಕಿಂತ ಸರಳ. ಜಿಇ ಕಂಪನಿಯ ಎಲ್‌ಎಂ6000 ಗ್ಯಾಸ್ ಟರ್ಬೈನ್‌ನ ಡಿಎಲ್‌ಇ (ನಾಕ್ಸ್ ಕಡಿಮೆ ಮಾಡುವ) ಕಂಬಸ್ಟರ್‌ನಲ್ಲಿ ಇಂಥವೇ ಇವೆ. ಆದರೆ 700 ಕೆಲ್ವಿನ್ ಗಾಳಿಯಲ್ಲಿ ಸದ್ದಿನ ವೇಗ ಸುಮಾರು 525 ಮೀಟರ್. 150 ಹರ್ಟ್ಸ್‌ಗೆ ಕೊಳವೆಯ ಉದ್ದ 875 ಮಿಲಿಮೀಟರ್ ಬೇಕು. ಅಷ್ಟು ಉದ್ದದ್ದು ನಮ್ಮ ಕೇಸಿಂಗ್ ಸುತ್ತ ಎಲ್ಲೂ ಹಿಡಿಸುವುದಿಲ್ಲ. ತೂತುತೂತಾದ ಲೈನರ್ ಅಗಲವಾದ ಫ್ರೀಕ್ವೆನ್ಸಿ ಪಟ್ಟಿಯನ್ನು ಹೀರುತ್ತದೆ. ಫೈಟರ್ ಎಂಜಿನ್‌ಗಳ ಆಫ್ಟರ್‌ಬರ್ನರ್‌ನಲ್ಲಿ 1000 ಹರ್ಟ್ಸ್ ಮೀರಿದ ಕೀರಲು ಸದ್ದಿಗೆ ಅದೇ ಮದ್ದು. ನಮ್ಮಂಥ ತಗ್ಗು ಸದ್ದಿಗೆ ಅದರ ಹಿಂದೆ ತುಂಬಾ ಜಾಗ ಬೇಕಾಗುತ್ತದೆ, ಗಾಳಿಯೂ ಜಾಸ್ತಿ. ಉಳಿದದ್ದು ಹೆಲ್ಮ್‌ಹೋಲ್ಟ್ಸ್ ರೆಸೊನೇಟರ್. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಗುಂಯ್ ಅನ್ನುತ್ತದಲ್ಲ, ಅದೇ ರೂಪ: ಒಂದು ಡಬ್ಬಿ, ಅದಕ್ಕೊಂದು ಕತ್ತು.

ಕತ್ತಿನ ಗಾಳಿ ಒಂದು ತೂಕದ ಹಾಗೆ ಒಳಗೂ ಹೊರಗೂ ಓಡಾಡುತ್ತದೆ. ಡಬ್ಬಿಯ ಗಾಳಿ ಅದಕ್ಕೆ ಸ್ಪ್ರಿಂಗ್. ಓಡಾಡುವ ಗಾಳಿ ಕತ್ತಿನ ಅಂಚಿನಲ್ಲಿ ಸುಳಿಗಳಾಗಿ ಚೆದುರುತ್ತದೆ, ಸದ್ದಿನ ಶಕ್ತಿ ಅಲ್ಲಿ ಕಳೆದುಹೋಗುತ್ತದೆ. ನಾವು ಕತ್ತಿಗೆ 20 ಮಿಲಿಮೀಟರ್ ವ್ಯಾಸ, 50 ಮಿಲಿಮೀಟರ್ ಉದ್ದ ಇಟ್ಟುಕೊಂಡೆವು. ಎರಡೂ ತುದಿಯ ತಿದ್ದುಪಡಿ ಸೇರಿಸಿದರೆ ಲೆಕ್ಕಕ್ಕೆ 67 ಮಿಲಿಮೀಟರ್. 150 ಹರ್ಟ್ಸ್, 700 ಕೆಲ್ವಿನ್‌ಗೆ ಡಬ್ಬಿಯ ಅಳತೆ ಸುಮಾರು 1.45 ಲೀಟರ್ ಬಂತು. ಒಳವ್ಯಾಸ 120 ಮಿಲಿಮೀಟರ್ ಇಟ್ಟರೆ ಉದ್ದ ಸುಮಾರು 129.

ಒಂದು ಮಾತು ಕೇಳಿ: ಮೊದಲ ಡ್ಯಾಂಪರ್‌ನ ಹಿಂಗೋಡೆಯನ್ನು ಬೆಸುಗೆ ಹಾಕಿಸಬೇಡಿ. ಥ್ರೆಡ್ ಹಾಕಿದ ರಾಡಿಗೆ ಕೂರಿಸಿ, ಹಿಂದೆಮುಂದೆ ಸರಿಯುವ ಹಾಗೆ ಮಾಡಿಸಿ. ನಮ್ಮ ಹಿರಿಯ ಡಿಸೈನರ್ ಒಬ್ಬರು ಇದಕ್ಕೆ ಪಟ್ಟು ಹಿಡಿದಿದ್ದರು. "ಲೆಕ್ಕದ ತಾಪಕ್ಕೂ ನಿಜವಾದ ತಾಪಕ್ಕೂ ಹೊಂದಿದ್ದನ್ನ ನಾನು ಇನ್ನೂ ನೋಡಿಲ್ಲಮ್ಮ, ಜಾಗ ಬಿಟ್ಟಿರು" ಎಂದಿದ್ದರು. ಆ ಮಾತು ಆಮೇಲೆ ನಮ್ಮನ್ನು ಉಳಿಸಿತು.

ಇಲ್ಲಿಂದ ಕಾಗದದ ಕಾಲ. ಡ್ಯಾಂಪರ್ ಹಾಕಬೇಕೆಂದರೆ ಒತ್ತಡ ತಡೆಯುವ ಕೇಸಿಂಗ್‌ಗೆ ತೂತು ಕೊರೆಯಬೇಕು. ಹಾಗಾಗಿ ಅದು ಸದ್ದಿನ ವಿಷಯವಾಗಿ ಉಳಿಯುವುದಿಲ್ಲ, ಪ್ರೆಶರ್ ವೆಸೆಲ್‌ನ ವಿಷಯವಾಗುತ್ತದೆ. ಡ್ರಾಯಿಂಗ್ ಬದಲಾವಣೆಯ ಮಂಜೂರಾತಿ, ಲೋಹದ ಸರ್ಟಿಫಿಕೇಟ್, ಬೆಸುಗೆಯ ತಪಾಸಣೆ, ನೀರು ತುಂಬಿ ಮಾಡುವ ಹೈಡ್ರೋ ಟೆಸ್ಟ್‌ನ ವರದಿ, ಎಲ್ಲ ಸೆನ್ಸರ್‌ಗಳ ಕ್ಯಾಲಿಬ್ರೇಷನ್ ಪತ್ರ, ಕೊನೆಗೆ ಸುರಕ್ಷತಾ ಸಮಿತಿಯ ಸಭೆ. ಸಭೆಯಲ್ಲಿ ಕೇಳಿದ ಒಂದು ಪ್ರಶ್ನೆ ಒಳ್ಳೆಯದಿತ್ತು: ಬಿಸಿ ಅನಿಲ ಒಳಗೆ ಬರದಂತೆ ಡ್ಯಾಂಪರ್‌ಗೆ ಬಿಡುತ್ತಲೇ ಇರುವ ಪರ್ಜ್ ಗಾಳಿ ನಿಂತುಹೋದರೆ ಏನಾಗುತ್ತದೆ? ನಿಂತರೆ 1800 ಕೆಲ್ವಿನ್‌ನ ಅನಿಲ ಕತ್ತಿನೊಳಗೆ ನುಗ್ಗುತ್ತದೆ. ಕತ್ತಿನ ಗೋಡೆಯಲ್ಲೂ ಡಬ್ಬಿಯಲ್ಲೂ ಥರ್ಮೊಕಪಲ್ ಇಟ್ಟು, ತಾಪ ಮಿತಿ ಮೀರಿದರೆ ಇಂಧನ ತಾನಾಗಿಯೇ ನಿಲ್ಲುವ ಇಂಟರ್‌ಲಾಕ್ ಹಾಕುವುದಾಗಿ ಒಪ್ಪಿದೆವು. ಈ ಉತ್ತರವನ್ನು ಸಭೆಗೆ ಮುಂಚೆಯೇ ಸಿದ್ಧ ಮಾಡಿಕೊಂಡು ಹೋಗಿ. ಇಲ್ಲದಿದ್ದರೆ ಮುಂದಿನ ಸಭೆಯವರೆಗೆ ಕಾಯಬೇಕಾಗುತ್ತದೆ.

ಕಾಯುವುದಂತೂ ಇದ್ದೇ ಇದೆ. ನಿಕಲ್ ಮಿಶ್ರಲೋಹದ ದಪ್ಪ ಪೈಪು ಬರುವುದೇ ತಡ, ಬಂದ ಮೇಲೆ ವರ್ಕ್‌ಶಾಪಿನ ಸರದಿ. ರಿಗ್‌ನ ಸಮಯ ನಮಗೊಬ್ಬರಿಗೇ ಮೀಸಲಲ್ಲ, ಕೈ ತಪ್ಪಿದರೆ ಸಾಲಿನ ಕೊನೆಗೆ ಹೋಗುತ್ತೀರಿ. ಕೈಕಟ್ಟಿ ಕೂರುವ ಬದಲು ಆ ಸಮಯದಲ್ಲಿ ಅದೇ ಅಳತೆಯ ಅಲ್ಯುಮಿನಿಯಂ ಡ್ಯಾಂಪರ್ ಒಂದನ್ನು ಮಾಡಿಸಿ ತಣ್ಣನೆಯ ಪರೀಕ್ಷೆಗೆ ಇಳಿದೆವು. ಇದು ಕಡಿಮೆ ಖರ್ಚಿನ ಕೆಲಸ, ಕಲಿಸಿದ್ದು ಮಾತ್ರ ಬೆಟ್ಟದಷ್ಟು.

ಇಂಪೀಡೆನ್ಸ್ ಟ್ಯೂಬ್ ಅಂದರೆ ಒಂದು ಉದ್ದ ಕೊಳವೆ. ಒಂದು ತುದಿಗೆ ಲೌಡ್‌ಸ್ಪೀಕರ್, ಇನ್ನೊಂದಕ್ಕೆ ಡ್ಯಾಂಪರ್, ನಡುವೆ ಗೋಡೆಯಲ್ಲಿ ಎರಡು ಮೈಕ್. ಹೋಗುವ ಅಲೆ ಎಷ್ಟು, ವಾಪಸ್ ಬರುವ ಅಲೆ ಎಷ್ಟು ಅಂತ ಬಿಡಿಸಿ ನೋಡುವ ಈ ಎರಡು ಮೈಕ್ ವಿಧಾನ ಐಎಸ್‌ಒ 10534-2ರಲ್ಲಿದೆ. ತಗ್ಗು ಫ್ರೀಕ್ವೆನ್ಸಿಗೆ ಮೈಕ್‌ಗಳನ್ನು ದೂರ ದೂರ ಇಡಿ, ಹತ್ತಿರವಿದ್ದರೆ ಎರಡರ ನಡುವಿನ ವ್ಯತ್ಯಾಸವೇ ಸಿಗುವುದಿಲ್ಲ. ಮೈಕ್‌ಗಳ ಜಾಗ ಅದಲುಬದಲು ಮಾಡಿ ಇನ್ನೊಮ್ಮೆ ಅಳೆದರೆ ಅವುಗಳ ಸ್ವಂತ ಫೇಸ್ ದೋಷ ಕಳೆದುಹೋಗುತ್ತದೆ.

ಕೋಣೆಯ ತಾಪ 300 ಕೆಲ್ವಿನ್‌ನಲ್ಲಿ ಡ್ಯಾಂಪರ್ ಹೀರಿದ್ದು 99 ಹರ್ಟ್ಸ್ ಆಸುಪಾಸಿನಲ್ಲಿ. ವರದಿ ನೋಡಿದವರಿಗೆ ಗಾಬರಿ. ನೀವು 150 ಹೇಳಿದ್ದಿರಿ, ಇದು 99 ತೋರಿಸುತ್ತಿದೆಯಲ್ಲ ಅಂತ ಇಮೇಲ್ ಮೇಲೆ ಇಮೇಲ್. ಅದು ಹಾಗೇ ಬರಬೇಕು. ಫ್ರೀಕ್ವೆನ್ಸಿ ತಾಪದ ವರ್ಗಮೂಲದ ಜೊತೆ ಏರುತ್ತದೆ. 700 ಅನ್ನು 300ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.53, 99ಕ್ಕೆ ಗುಣಿಸಿದರೆ 151. ತಣ್ಣನೆಯ ವರದಿಯ ಮೊದಲ ಪುಟದಲ್ಲೇ ಈ ಲೆಕ್ಕ ಬರೆದುಬಿಡಿ, ಪತ್ರವ್ಯವಹಾರ ಉಳಿಯುತ್ತದೆ.

ಪರ್ಜ್ ಗಾಳಿಯ ಗುಣವೂ ಇಲ್ಲೇ ಗೊತ್ತಾಯಿತು. ಗಾಳಿ ಬಿಡದಿದ್ದಾಗ ಡ್ಯಾಂಪರ್ ಕಿರಿದಾದ ಪಟ್ಟಿಯಲ್ಲಿ ಮಾತ್ರ ಹೀರುತ್ತದೆ. ಬಿಡುತ್ತಾ ಹೋದರೆ ಪಟ್ಟಿ ಅಗಲವಾಗುತ್ತದೆ. ತುಂಬಾ ಬಿಟ್ಟರೆ ಕತ್ತು ಬಿಗಿದುಕೊಂಡು ಹೀರುವುದೇ ಕಡಿಮೆಯಾಗುತ್ತದೆ. ನಡುವೆ ಎಲ್ಲೋ ಒಂದು ಒಳ್ಳೆಯ ಜಾಗವಿದೆ.

ಕೊನೆಗೂ ಬಿಸಿ ಪರೀಕ್ಷೆಯ ದಿನ ಬಂತು. ಹಿಂದಿನ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ರಿಗ್ ಕಾದು, ಇಂಧನ ಏರಿಸುತ್ತಾ ಹೋದೆವು. ಮೊದಲು ಸದ್ದು ಶುರುವಾಗುತ್ತಿದ್ದ ಜಾಗ ದಾಟಿತು, ಏನೂ ಇಲ್ಲ. ಎಲ್ಲರ ಮುಖ ಅರಳಿತು. ಇನ್ನೊಂದು ಸ್ವಲ್ಪ ಏರಿಸಿದೆವು. ಒಮ್ಮೆಲೇ ಅದೇ ಹಳೆಯ ಗುಂಯ್, ಅದೇ 150.

ಥರ್ಮೊಕಪಲ್ ನೋಡಿದರೆ ಡಬ್ಬಿಯೊಳಗೆ 700ರ ಆಸುಪಾಸೇ ಇತ್ತು. ಕತ್ತಿನಲ್ಲಿ ಮಾತ್ರ 900 ಕೆಲ್ವಿನ್ ದಾಟಿತ್ತು. ಲೈನರ್‌ಗೆ ಅಂಟಿಕೊಂಡ ಕತ್ತು ಗೋಡೆಯಿಂದಲೇ ಕಾಯುತ್ತಿತ್ತು. ಇದು ಎಷ್ಟು ಮುಖ್ಯ ಅನ್ನುವುದು ಸೂತ್ರವನ್ನು ಬಿಡಿಸಿ ಬರೆದರೆ ಕಾಣುತ್ತದೆ. ಡಬ್ಬಿಯ ಗಾಳಿಯ ಸ್ಪ್ರಿಂಗ್ ಎಷ್ಟು ಬಿಗಿ ಅನ್ನುವುದು ಒತ್ತಡ ಮತ್ತು ಡಬ್ಬಿಯ ಅಳತೆಯ ಮೇಲೆ ನಿಂತಿದೆ, ತಾಪ ಅಲ್ಲಿ ಹೆಚ್ಚುಕಡಿಮೆ ಲೆಕ್ಕಕ್ಕಿಲ್ಲ. ತೂಕ ಇರುವುದು ಕತ್ತಿನ ಗಾಳಿಯಲ್ಲಿ. ಅದು ಕಾದರೆ ಹಗುರ, ಹಗುರವಾದರೆ ಫ್ರೀಕ್ವೆನ್ಸಿ ಮೇಲೆ. 900 ಕೆಲ್ವಿನ್‌ಗೆ ನಮ್ಮ ಡ್ಯಾಂಪರ್ 150ರಿಂದ 170 ಹರ್ಟ್ಸ್‌ಗೆ ಹೋಗಿಬಿಟ್ಟಿತ್ತು. ಡಬ್ಬಿಯಲ್ಲಿ ಮಾತ್ರ ಥರ್ಮೊಕಪಲ್ ಇಟ್ಟಿದ್ದರೆ ಎಲ್ಲ ಸರಿಯಾಗೇ ಇದೆಯಲ್ಲ ಅಂತ ತಲೆ ಕೆರೆದುಕೊಳ್ಳುತ್ತಾ ಕೂರುತ್ತಿದ್ದೆವು.

ಸರಿಯುವ ಹಿಂಗೋಡೆ ಇದ್ದದ್ದಕ್ಕೆ ಬಚಾವ್. 900 ಕೆಲ್ವಿನ್‌ನಲ್ಲಿ 150 ಹರ್ಟ್ಸ್ ಬರಲು ಡಬ್ಬಿ 1.87 ಲೀಟರ್ ಆಗಬೇಕು. ರಾಡ್ ತಿರುಗಿಸಿ ಗೋಡೆಯನ್ನು ಸುಮಾರು 37 ಮಿಲಿಮೀಟರ್ ಹಿಂದಕ್ಕೆ ಎಳೆದೆವು.

ಮುಂದಿನ ಪರೀಕ್ಷೆಯಲ್ಲಿ ವಿಚಿತ್ರವೊಂದು ಕಂಡಿತು. ಸದ್ದಿಲ್ಲದ ಸ್ಥಿತಿಯಿಂದ ನಿಧಾನಕ್ಕೆ ಇಂಧನ ಏರಿಸಿದರೆ ಮೇಲಿನವರೆಗೂ ಸದ್ದಿಲ್ಲ. ಆದರೆ ಪರ್ಜ್ ಗಾಳಿ ತಗ್ಗಿಸಿ, ಸದ್ದು ಪೂರ್ತಿ ಎದ್ದ ಮೇಲೆ ಮತ್ತೆ ಅದೇ ಗಾಳಿ ಬಿಟ್ಟರೆ ಡ್ಯಾಂಪರ್ ಕೆಲಸವನ್ನೇ ಮಾಡುವುದಿಲ್ಲ! ಕಾರಣ ಮತ್ತೆ ಕತ್ತೇ. ಸದ್ದು ಜೋರಾಗಿರುವಾಗ ಕತ್ತಿನಲ್ಲಿ ಗಾಳಿಯ ಓಡಾಟದ ವೇಗ ಪರ್ಜ್ ಗಾಳಿಯ ವೇಗವನ್ನು ಮೀರುತ್ತದೆ. ಆಗ ಪ್ರತಿ ಸುತ್ತಿನಲ್ಲೂ ಒಂದಿಷ್ಟು ಬಿಸಿ ಅನಿಲ ಕತ್ತಿನೊಳಗೆ ಬರುತ್ತದೆ. ಕತ್ತು ಹಗುರವಾಗಿ ಡ್ಯಾಂಪರ್‌ನ ಫ್ರೀಕ್ವೆನ್ಸಿ ಮೇಲಕ್ಕೆ ಜಾರುತ್ತದೆ, ಹೀರುವುದು ನಿಲ್ಲುತ್ತದೆ, ಸದ್ದು ಹಾಗೇ ಉಳಿಯುತ್ತದೆ. ಹಾಗಾಗಿ ಪರ್ಜ್ ಗಾಳಿಯನ್ನು ನಿಶ್ಶಬ್ದ ಸ್ಥಿತಿಗೆ ನಿಗದಿ ಮಾಡಬೇಡಿ. ನೀವು ತಡೆದುಕೊಳ್ಳಬೇಕಾದ ಅತಿ ಜೋರಿನ ಸದ್ದಿನಲ್ಲಿ ಕತ್ತಿನ ವೇಗ ಎಷ್ಟು ಅಂತ ಲೆಕ್ಕ ಹಾಕಿ, ಅದಕ್ಕಿಂತ ಮೇಲಿಡಿ.

ಗಾಳಿ ಏರಿಸಿದೆವು, ಆ ತೊಂದರೆ ಹೋಯಿತು. ಈಗ ಸ್ಪೆಕ್ಟ್ರಮ್‌ನಲ್ಲಿ 150 ಹರ್ಟ್ಸ್ ಜಾಗದಲ್ಲಿ ಹಳ್ಳ, ಅದರ ಎಡಕ್ಕೂ ಬಲಕ್ಕೂ ಒಂದೊಂದು ಗುಡ್ಡ. ಹೊಸ ಸದ್ದು ಎಲ್ಲಿಂದ ಬಂತು ಅಂತ ಹೆದರಬೇಡಿ. ಒಂದೇ ಫ್ರೀಕ್ವೆನ್ಸಿಯ ಎರಡು ರೆಸೊನೇಟರ್‌ಗಳನ್ನು ಕೂಡಿಸಿದರೆ ಅವು ಮೇಲೊಂದು ಕೆಳಗೊಂದು ಆಗಿ ಸೀಳುತ್ತವೆ. ಕಂಬಸ್ಟರ್ ಮತ್ತು ಡ್ಯಾಂಪರ್ ಇಲ್ಲಿ ಆ ಜೋಡಿ. ಡ್ಯಾಂಪರ್‌ನೊಳಗೆ ಶಕ್ತಿ ಕಳೆಯುವುದು ಕಡಿಮೆಯಿದ್ದರೆ ಗುಡ್ಡಗಳು ಎತ್ತರ. ಎಡದ ಗುಡ್ಡ ಪರವಾಗಿಲ್ಲ ಅನ್ನುವ ಹಾಗಿತ್ತು, ಬಲದ್ದು ಮಿತಿಯ ಹತ್ತಿರವಿತ್ತು. ಸ್ವಲ್ಪ ಮೇಲಿನ ಫ್ರೀಕ್ವೆನ್ಸಿಗೆ ಹೊಂದಿಸಿದ ಎರಡನೆಯ ಡ್ಯಾಂಪರ್ ಸೇರಿಸಿದ ಮೇಲೆ ಎರಡೂ ತಗ್ಗಿ ಚಪ್ಪಟೆಯಾದವು. ಆ ಸಂಜೆ ಇಂಧನ ಪೂರ್ತಿ ಏರಿದ ಮೇಲೂ ಕಂಟ್ರೋಲ್ ರೂಮಿನಲ್ಲಿ ಬರ್ನರ್‌ನ ಮಾಮೂಲಿ ಮೊರೆತ ಬಿಟ್ಟರೆ ಬೇರೆ ಏನೂ ಕೇಳಿಸಲಿಲ್ಲ. ಆಪರೇಟರ್ ತಿರುಗಿ ನೋಡಿ ಹೆಬ್ಬೆರಳು ಎತ್ತಿದರು. ಕಣ್ಣು ತುಂಬಿ ಬಂತು.

ಇದಕ್ಕೆ ತೆತ್ತ ಬೆಲೆ ಗಾಳಿ. ಎರಡೂ ಡ್ಯಾಂಪರ್ ಸೇರಿ ಒಟ್ಟು ಗಾಳಿಯ ಸುಮಾರು ಶೇ. 1ರಷ್ಟು ತಿಂದವು. ಅಷ್ಟು ಗಾಳಿ ಬರ್ನರ್‌ಗೆ ಕಡಿಮೆಯಾಯಿತು, ಜ್ವಾಲೆ ಹತ್ತು ಡಿಗ್ರಿಗಿಂತ ತುಸು ಹೆಚ್ಚು ಬಿಸಿಯಾಯಿತು, ನಾಕ್ಸ್ ಅಳತೆಯಲ್ಲಿ ಅದು ಕಂಡಿತು. ಮಿತಿಯೊಳಗೇ ಇತ್ತು. ಮಿತಿಗೆ ಅಂಟಿಕೊಂಡೇ ಓಡುವ ಬರ್ನರ್ ನಿಮ್ಮದಾದರೆ ನಾಕ್ಸ್ ನೋಡಿಕೊಳ್ಳುವವರ ಜೊತೆ ಮೊದಲೇ ಕೂತು ಮಾತಾಡಿ, ಕೊನೆಗೆ ಹೇಳಿದರೆ ಜಗಳವಾಗುತ್ತದೆ.

ಸದ್ದು ನಿಂತಿತು ಅಂತ ವರದಿ ಬರೆಯಲು ಕೂತರೆ ಸಮಿತಿಯಿಂದ ಇನ್ನೊಂದು ಪ್ರಶ್ನೆ: ಅಂಚಿನಿಂದ ಎಷ್ಟು ದೂರ ಇದ್ದೀರಿ? ನ್ಯಾಯವಾದ ಪ್ರಶ್ನೆ. ಒತ್ತಡದ ಅಲುಗಾಟ ಚಿಕ್ಕದಿದೆ ಅನ್ನುವುದರಿಂದ ಅದು ಗೊತ್ತಾಗುವುದಿಲ್ಲ, ಅಂಚಿಗೆ ಬರುವವರೆಗೂ ಅದು ಚಿಕ್ಕದಾಗೇ ಇರುತ್ತದೆ. ಗೊತ್ತಾಗುವುದು ಉಬ್ಬಿನ ಅಗಲದಿಂದ. ಸ್ಪೆಕ್ಟ್ರಮ್‌ನ ಉಬ್ಬನ್ನು ಅರ್ಧ ಎತ್ತರದಲ್ಲಿ ಅಳೆದು, ಹರ್ಟ್ಸ್‌ನಲ್ಲಿ ಬಂದ ಅಗಲವನ್ನು ಪೈನಿಂದ ಗುಣಿಸಿದರೆ ಅಲುಗಾಟ ಎಷ್ಟು ಬೇಗ ಅಡಗುತ್ತದೆ ಅನ್ನುವ ದರ ಸಿಗುತ್ತದೆ. 10 ಹರ್ಟ್ಸ್ ಅಗಲಕ್ಕೆ ಸೆಕೆಂಡಿಗೆ ಸುಮಾರು 31. ಇಂಧನ ಏರಿಸಿದಂತೆ ಈ ಸಂಖ್ಯೆ ಇಳಿಯುತ್ತಾ ಸೊನ್ನೆಯ ಕಡೆ ಹೋಗುತ್ತಿದ್ದರೆ ಎಚ್ಚರ. ಒಳ್ಳೆಯ ಅಳತೆಗೆ ಪ್ರತಿ ಹಂತದಲ್ಲೂ ನಿಮಿಷಗಟ್ಟಲೆ ರೆಕಾರ್ಡ್ ಮಾಡಬೇಕು. ರಿಗ್‌ನ ಸಮಯ ಕೇಳುವಾಗ ಇದನ್ನೂ ಸೇರಿಸಿ ಕೇಳಿ. ಒಳಬರುವ ಗಾಳಿಯ ತಾಪ ಬದಲಿಸಿ, ಇಂಧನದ ಮಿಶ್ರಣ ಬದಲಿಸಿ ಮತ್ತೆ ಅಳೆದೆವು. ತಾಪ ಬದಲಾದರೆ ಜ್ವಾಲೆಯೂ ಕತ್ತೂ ಎರಡೂ ಬದಲಾಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಲ್ಲ.

ಉಂಗುರದ ಆಕಾರದ ಕಂಬಸ್ಟರ್‌ಗೆ ಇದನ್ನೇ ಒಯ್ಯುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಸದ್ದು ಉಂಗುರದ ಸುತ್ತಲೂ ಓಡುತ್ತದೆ ಅಥವಾ ನಿಂತಲ್ಲೇ ಅಲುಗುತ್ತದೆ. ಒಂಟಿ ಬರ್ನರ್‌ನ ರಿಗ್‌ನಲ್ಲಿ ಅದು ಕಾಣುವುದೇ ಇಲ್ಲ. ಎದುರುಬದುರು ಎರಡೇ ಡ್ಯಾಂಪರ್ ಇಟ್ಟರೆ ಮೊದಲ ಸುತ್ತುಮೋಡ್ (ಉಂಗುರದ ಸುತ್ತ ಒಂದು ಪೂರ್ತಿ ಅಲೆ ಹಿಡಿಸುವ ಅಲುಗಾಟ) ಸುಮ್ಮನೆ ತಿರುಗಿ, ಡ್ಯಾಂಪರ್ ಇರುವ ಜಾಗದಲ್ಲೇ ತನ್ನ ಸೊನ್ನೆಯ ಬಿಂದು ಇಟ್ಟುಕೊಂಡು ಜೋರಾಗಿ ಅಲುಗುತ್ತದೆ. ಸಮ ಅಂತರದಲ್ಲಿ ಮೂರಿಟ್ಟರೆ ಮೊದಲ ಮೋಡ್‌ಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ನಾಲ್ಕಿಟ್ಟರೂ ಮೊದಲನೆಯದು ಸಿಗುತ್ತದೆ, ಎರಡನೆಯ ಮೋಡ್ ತಪ್ಪಿಸಿಕೊಳ್ಳುತ್ತದೆ. ಮೋಡ್‌ನ ಸಂಖ್ಯೆಯ ಎರಡರಷ್ಟನ್ನು ಡ್ಯಾಂಪರ್‌ಗಳ ಸಂಖ್ಯೆ ಸರಿಯಾಗಿ ಭಾಗಿಸುವ ಹಾಗಿರಬಾರದು, ಇಷ್ಟು ನೋಡಿಕೊಂಡರೆ ಸಾಕು.

ಪ್ರತಿ ತಪಾಸಣೆಯಲ್ಲೂ ಒಳಗೆ ಇಣುಕಿ ನೋಡುವ ಬೋರೊಸ್ಕೋಪ್ ಹಾಕಿ ಕತ್ತಿನ ಬಾಯಿ ನೋಡುವುದನ್ನು ನಿರ್ವಹಣೆಯ ಪಟ್ಟಿಗೆ ಸೇರಿಸಿದ್ದೇವೆ. ಅಂಚಿನಲ್ಲಿ ನೀಲಿ-ಕಪ್ಪು ಬಣ್ಣ ತಿರುಗಿದ್ದರೆ ಬಿಸಿ ಅನಿಲ ಒಳಗೆ ಬಂದಿರುವ ಸಾಧ್ಯತೆ ಇದೆ. ಅಂಚು ಸವೆದು ದುಂಡಾಗಿದ್ದರೆ ಸುಳಿಗಳು ಕಡಿಮೆಯಾಗುತ್ತವೆ, ಡ್ಯಾಂಪರ್ ಮೊದಲಿನಷ್ಟು ಹೀರುವುದಿಲ್ಲ. ವ್ಯಾಸವನ್ನು ಪಿನ್ ಗೇಜ್‌ನಿಂದ ಅಳೆದು, ಕತ್ತಿನ ಥರ್ಮೊಕಪಲ್‌ನ ದಾಖಲೆಯ ಜೊತೆಗೇ ಬರೆದಿಡಿ.